ಆನ್‌ಲೈನ್ ಕ್ಲಾಸಿನಲ್ಲಿ ಮಕ್ಕಳು ಬಾಯಿ ಬಿಡುತ್ತಿಲ್ಲವೇ? ಉಪನ್ಯಾಸಕರಿಗೊಂದು ಮಾರ್ಗದರ್ಶಿ

"ಅರವತ್ತು ಜನ ಲಾಗಿನ್ ಆಗಿರ್ತಾರೆ. ಪ್ರಶ್ನೆ ಕೇಳಿದ್ರೆ ಒಬ್ಬರೂ ಉಸಿರೆತ್ತಲ್ಲ. ‘ಅರ್ಥ ಆಯ್ತಾ?’ ಅಂದ್ರೆ ಚಾಟ್‌ನಲ್ಲಿ ನಾಲ್ಕು ‘ಯೆಸ್ ಸರ್’ ಬರುತ್ತೆ, ಅಷ್ಟೇ. ಗ್ರೂಪ್ ವರ್ಕ್ ಕೊಟ್ರೆ ಒಬ್ಬಳು ಮಾಡ್ತಾಳೆ, ಐದು ಜನ ಹೆಸರು ಸೇರಿಸ್ತಾರೆ. ಏನು ಮಾಡೋದು?"

ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೊರೋನಾ ಕಾಲ ಮುಗಿದರೂ ಪ್ರಶ್ನೆ ಮುಗಿದಿಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2021ರಲ್ಲಿ ಹೊರಡಿಸಿದ ಟಿಪ್ಪಣಿಯಲ್ಲಿ ಒಂದು ಕೋರ್ಸಿನ ಶೇಕಡಾ 40ರಷ್ಟನ್ನು ಆನ್‌ಲೈನಿನಲ್ಲಿ, ಉಳಿದ 60ನ್ನು ತರಗತಿಯಲ್ಲಿ ನಡೆಸಬಹುದು ಎಂದು ಹೇಳಿತ್ತು. ಇದನ್ನೇ ಬ್ಲೆಂಡೆಡ್ ಕಲಿಕೆ ಅನ್ನುತ್ತಾರೆ. ಅಂದರೆ ಅದೇ ಪಾಠ, ಅದೇ ಮೇಷ್ಟ್ರು, ಅದೇ ಮಕ್ಕಳು. ಸ್ವಲ್ಪ ಭಾಗ ಕೊಠಡಿಯಲ್ಲಿ, ಸ್ವಲ್ಪ ಭಾಗ ಫೋನಿನಲ್ಲಿ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. "ಮಾತಾಡ್ರೋ" ಅಂತ ಎಷ್ಟು ಬೇಡಿಕೊಂಡರೂ ಮಕ್ಕಳು ಮಾತಾಡುವುದಿಲ್ಲ. ಮಾತಾಡಲು ಕೈಯಲ್ಲಿ ಏನಾದರೂ ಇರಬೇಕಲ್ವಾ? ಮೊದಲು ಕೆಲಸ ಕೊಡಿ, ಮಾತು ಆಮೇಲೆ. ಆ ಕೆಲಸವೂ ಎಂಥದ್ದಿರಬೇಕು ಅಂದರೆ, ಒಬ್ಬರದ್ದು ಮುಗಿಯಬೇಕಾದರೆ ಇನ್ನೊಬ್ಬರ ಹತ್ತಿರ ಇರುವುದು ಬೇಕೇ ಬೇಕು ಅನ್ನುವಂತಿರಬೇಕು. ಕೆಳಗಿನ ಎಲ್ಲ ಹಂತಗಳೂ ಇದನ್ನು ಸಾಧಿಸುವ ದಾರಿಗಳು.

ಉದಾಹರಣೆಗೆ ಒಂದೇ ಪಾಠ ಇಟ್ಟುಕೊಳ್ಳುತ್ತೇನೆ: ಪದವಿ ಮೊದಲ ವರ್ಷದ ಪರಿಸರ ಅಧ್ಯಯನದಲ್ಲಿ ‘ಕೆರೆಗಳು’ ಎಂಬ ಭಾಗ. ನಿಮ್ಮ ವಿಷಯ ಕಾಮರ್ಸ್ ಇರಲಿ, ಇತಿಹಾಸ ಇರಲಿ, ಅದಕ್ಕೆ ಒಗ್ಗಿಸಿಕೊಳ್ಳಿ.

ಏನೇನು ಬೇಕು?

ಹೆಚ್ಚೇನೂ ಬೇಡ. ಮಕ್ಕಳು ಬರೆದದ್ದು ಉಳಿಯುವ ಒಂದು ಜಾಗ ಬೇಕು: ಗೂಗಲ್ ಕ್ಲಾಸ್‌ರೂಮ್ ಅಥವಾ ನಿಮ್ಮ ಕಾಲೇಜಿನ ಎಲ್‌ಎಂಎಸ್. ಎಲ್‌ಎಂಎಸ್ ಅಂದರೆ ಪಾಠ, ಅಸೈನ್‌ಮೆಂಟ್, ಅಂಕ ಎಲ್ಲವನ್ನೂ ಒಂದೇ ಕಡೆ ಇಡುವ ವ್ಯವಸ್ಥೆ. 2002ರಲ್ಲಿ ಬಂದ, ಉಚಿತವಾಗಿ ಸಿಗುವ ಮೂಡಲ್ ಇಂಥದ್ದೇ. ಎಲ್ಲರೂ ಸೇರಿ ಬರೆಯಲು ಗೂಗಲ್ ಡಾಕ್ಸ್ ಸಾಕು. ನೇರ ತರಗತಿಗೆ ಮೀಟ್ ಅಥವಾ ಝೂಮ್. ಸೂಚನೆ ಕಳಿಸಲು ವಾಟ್ಸ್‌ಆ್ಯಪ್.

ಇಷ್ಟಕ್ಕೇ ನಿಲ್ಲಿಸಿ. ವಾರಕ್ಕೊಂದು ಹೊಸ ಆ್ಯಪ್ ತಂದರೆ ಮಕ್ಕಳಿಗೆ ಪಾಠಕ್ಕಿಂತ ಪಾಸ್‌ವರ್ಡ್ ನೆನಪಿಡುವುದೇ ಕೆಲಸವಾಗುತ್ತದೆ. ಇನ್ನೊಂದು ಕಾರಣವೂ ಇದೆ: ಉಚಿತ ಆ್ಯಪ್‌ಗಳು ಯಾವಾಗ ಬೇಕಾದರೂ ಮುಚ್ಚಬಹುದು. ಅನೇಕ ಶಿಕ್ಷಕರು ನೆಚ್ಚಿಕೊಂಡಿದ್ದ ಗೂಗಲ್ ಜ್ಯಾಮ್‌ಬೋರ್ಡ್ 2024ರ ಕೊನೆಗೆ ನಿಂತೇಹೋಯಿತು. ಹಳೆಯ ಟ್ರೈನಿಂಗ್ ನೋಟ್ಸ್‌ನಲ್ಲಿ ಅದರ ಹೆಸರು ಇನ್ನೂ ಇರುತ್ತದೆ, ಹುಡುಕಿಕೊಂಡು ಹೋಗಬೇಡಿ.

ಹಂತ 1: ಯಾರ ಹತ್ತಿರ ಏನಿದೆ ಅಂತ ತಿಳಿದುಕೊಳ್ಳಿ

ಸೆಮಿಸ್ಟರ್ ಶುರುವಿನಲ್ಲಿ, ತರಗತಿಯಲ್ಲೇ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಗೂಗಲ್ ಫಾರ್ಮ್ ಬೇಡ. ನೆಟ್‌ವರ್ಕ್ ಇಲ್ಲದವರು ಫಾರ್ಮ್ ತುಂಬುವುದೇ ಇಲ್ಲ. ಆಗ ಎಲ್ಲರಿಗೂ ನೆಟ್‌ವರ್ಕ್ ಇದೆ ಅನ್ನುವ ತಪ್ಪು ಲೆಕ್ಕ ನಿಮ್ಮ ಕೈಗೆ ಸಿಗುತ್ತದೆ.

ಕೇಳಬೇಕಾದದ್ದು ಇಷ್ಟು. ಫೋನ್ ಸ್ವಂತದ್ದೋ, ಅಣ್ಣ–ತಂಗಿ ಜೊತೆ ಹಂಚಿಕೊಂಡದ್ದೋ? ಮನೆಯಲ್ಲಿ ವೀಡಿಯೋ ಕಾಲ್ ನಿಲ್ಲುತ್ತದೆಯೋ, ಬರೀ ಮೆಸೇಜ್ ಹೋಗುತ್ತದೆಯೋ? ದಿನದಲ್ಲಿ ಯಾವ ಹೊತ್ತು ಬಿಡುವು? ಕನ್ನಡದಲ್ಲಿ ಟೈಪ್ ಮಾಡಲು ಬರುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಕೆ, ಕನ್ನಡದಲ್ಲಿ ಟೈಪ್ ಮಾಡಲು ನಿಧಾನ. ಹಾಗಾಗಿ ಸುಮ್ನೆ ಇದ್ದುಬಿಡುತ್ತಾರೆ. ನಮಗೆ ಅದು ಸೋಮಾರಿತನದಂತೆ ಕಾಣುತ್ತದೆ. ಮೊದಲ ತರಗತಿಯಲ್ಲೇ ಹತ್ತು ನಿಮಿಷ ತೆಗೆದು, ಫೋನಿನ ಜಿಬೋರ್ಡ್ ಕೀಬೋರ್ಡ್‌ಗೆ ಕನ್ನಡ ಸೇರಿಸುವುದು, ಮೈಕ್ ಒತ್ತಿ ಮಾತಾಡಿ ಬರೆಸುವುದು ಎರಡನ್ನೂ ತೋರಿಸಿಕೊಡಿ. ಕನ್ನಡ, ಇಂಗ್ಲಿಷ್, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮೂರೂ ನಡೆಯುತ್ತದೆ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಇಂಗ್ಲಿಷೇ ಬೇಕು ಅಂದುಕೊಳ್ಳುತ್ತಾರೆ.

ಹಂತ 2: ಯಾವುದು ಫೋನಿನಲ್ಲಿ, ಯಾವುದು ಕೊಠಡಿಯಲ್ಲಿ?

ಸಾಮಾನ್ಯವಾಗಿ ನಡೆಯುವುದು ಹೀಗೆ: ಕೊಠಡಿಯಲ್ಲಿ ಒಂದು ಗಂಟೆ ಉಪನ್ಯಾಸ, ಮೀಟ್‌ನಲ್ಲಿ ಮತ್ತೊಂದು ಗಂಟೆ ಉಪನ್ಯಾಸ. ಇದು ಬ್ಲೆಂಡೆಡ್ ಅಲ್ಲ, ಡಬಲ್ ಉಪನ್ಯಾಸ.

ನಾನು ಹೇಳುವ ಹಂಚಿಕೆ ಬೇರೆ. ಒಬ್ಬರೇ ತಮ್ಮ ಹೊತ್ತಿನಲ್ಲಿ ಮಾಡಬಹುದಾದದ್ದು, ಅಂದರೆ ಓದುವುದು, ಚಿಕ್ಕ ವೀಡಿಯೋ ನೋಡುವುದು, ಮಾಹಿತಿ ತರುವುದು, ನಾಲ್ಕು ಸಾಲು ಬರೆಯುವುದು, ಇವೆಲ್ಲ ಫೋನಿಗೆ. ವಾದ, ಜಗಳ, ಹೋಲಿಕೆ, ತೀರ್ಮಾನ ಕೊಠಡಿಗೆ. ನೇರ ಆನ್‌ಲೈನ್ ತರಗತಿಯನ್ನು ಆದಷ್ಟು ಕಡಿಮೆ ಮಾಡಿ, ಮಾಡಿದರೆ ಮೂವತ್ತು–ನಲವತ್ತು ನಿಮಿಷಕ್ಕೆ ಮುಗಿಸಿ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ತಾನಾಗಿಯೇ ಕಡಿದುಹೋಗುತ್ತದೆ. ಬೈದುಕೊಳ್ಳುತ್ತೇವೆ, ಆದರೆ ಆ ಮಿತಿ ಒಂದು ರೀತಿಯಲ್ಲಿ ಮಕ್ಕಳ ಪಾಲಿಗೆ ಉಪಕಾರವೇ.

ಹಂತ 3: ಪ್ರಶ್ನೆಯನ್ನೇ ಬದಲಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಇದು ಸರಿಯಾದರೆ ಮುಂದಿನ ಅರ್ಧ ಕೆಲಸ ಆದ ಹಾಗೆ.

"ಕೆರೆಗಳ ಮಹತ್ವವನ್ನು ಚರ್ಚಿಸಿ" ಎಂಬ ಪ್ರಶ್ನೆ ಹಾಕಿ ನೋಡಿ. ಮೊದಲು ಬರೆದವಳು ಅಂತರ್ಜಲ, ಕೃಷಿ, ಮೀನುಗಾರಿಕೆ ಎಂದು ಬರೆಯುತ್ತಾಳೆ. ಎರಡನೆಯವನಿಗೆ ಹೇಳಲು ಏನೂ ಉಳಿದಿಲ್ಲ, ಅದನ್ನೇ ತಿರುಗಿಸಿ ಬರೆಯುತ್ತಾನೆ. ಮೂರನೆಯವರು ಚಾಟ್‌ಜಿಪಿಟಿ ತೆರೆಯುತ್ತಾರೆ. ಐವತ್ತು ಉತ್ತರ ಬರುತ್ತದೆ, ಎಲ್ಲವೂ ಒಂದೇ. ಇದರಲ್ಲಿ ಯಾರಾದರೂ ಯಾರದ್ದನ್ನಾದರೂ ಯಾಕೆ ಓದಬೇಕು?

ಈಗ ಹೀಗೆ ಕೇಳಿ: "ನಿಮ್ಮ ಊರಿನ ಅಥವಾ ಮನೆಗೆ ಹತ್ತಿರದ ಒಂದು ಕೆರೆ ಆರಿಸಿಕೊಳ್ಳಿ. ಏರಿ (ಕೆರೆಯ ಕಟ್ಟೆ) ಎಲ್ಲಿದೆ, ತೂಬು (ನೀರು ಬಿಡುವ ಕಿಂಡಿ) ಎಲ್ಲಿದೆ, ಕೋಡಿ (ಕೆರೆ ತುಂಬಿದಾಗ ನೀರು ಹೊರಹೋಗುವ ಜಾಗ) ಎಲ್ಲಿದೆ ನೋಡಿ ಬನ್ನಿ. ಮನೆಯ ಹಿರಿಯರೊಬ್ಬರನ್ನು ಕೇಳಿ: ಈ ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ? ನೀರು ಬಿಡುವ ನೀರುಗಂಟಿ ಯಾರಿದ್ದರು, ಈಗ ಯಾರಿದ್ದಾರೆ? ಒಂದು ಫೋಟೋ, ಐದು ಸಾಲು."

ಇಲ್ಲಿ ಪ್ರತಿಯೊಬ್ಬರ ಹತ್ತಿರವೂ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ಸಂಗತಿ ಇದೆ. ತುಮಕೂರು ಕಡೆಯ ಹುಡುಗನ ಕೆರೆ ಬೇರೆ, ಶಿವಮೊಗ್ಗ ಕಡೆಯ ಹುಡುಗಿಯದ್ದು ಬೇರೆ. ಬೆಂಗಳೂರಿನವರು "ನಮ್ಮಲ್ಲಿ ಕೆರೆ ಇಲ್ಲ, ಬಸ್ ಸ್ಟ್ಯಾಂಡ್ ಇದೆ" ಎಂದು ಬರೆಯಬಹುದು. ಅದು ಅತ್ಯುತ್ತಮ ಉತ್ತರ, ಯಾಕೆಂದರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲೇ. ಇಂಥ ಒಂದು ಉತ್ತರ ಬಂದರೆ ಇಡೀ ತರಗತಿ ತಾನಾಗಿ ಓದುತ್ತದೆ.

ಒಳ್ಳೆಯ ಪ್ರಶ್ನೆಗೆ ನನ್ನ ಪರೀಕ್ಷೆ ಹೀಗೆ. ಐದು ಜನರ ಉತ್ತರವನ್ನು ನೀವೇ ಊಹಿಸಿ ಬರೆಯಿರಿ. ಐದೂ ಒಂದೇ ಥರ ಬಂದರೆ ಪ್ರಶ್ನೆ ಕೆಟ್ಟದ್ದು, ಬಿಸಾಡಿ. ಕಾಮರ್ಸ್‌ನಲ್ಲಾದರೆ "ಜಿಎಸ್‌ಟಿ ಎಂದರೇನು" ಬೇಡ. "ನಿಮ್ಮ ಮನೆಗೆ ಈ ವಾರ ಬಂದ ಒಂದು ಬಿಲ್ ತನ್ನಿ, ಅದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಲ್ಲಿ ಬರೆದಿದ್ದಾರೆ ತೋರಿಸಿ" ಎನ್ನಿ. ಇತಿಹಾಸದಲ್ಲಾದರೆ ಊರಿನ ಒಂದು ವೀರಗಲ್ಲು.

ಎಚ್ಚರಿಕೆ: ಮನೆಯ ಸಂಗತಿ ಕೇಳುವಾಗ ಜಾತಿ, ಆದಾಯ, ಸಾಲ ಇಂಥವು ಎಲ್ಲರೆದುರು ಹೊರಬೀಳದಂತೆ ಪ್ರಶ್ನೆ ಇರಬೇಕು. ಕೆರೆಯ ಪ್ರಶ್ನೆಯಲ್ಲೂ "ನಿಮ್ಮ ಜಮೀನಿಗೆ ನೀರು ಬರುತ್ತಿತ್ತೇ?" ಎಂದು ಕೇಳಬೇಡಿ. ಜಮೀನೇ ಇಲ್ಲದವರು ಇರುತ್ತಾರೆ.

ಹಂತ 4: ಮೊದಲ ಎರಡು ವಾರ, ತಪ್ಪಾದರೂ ಪರವಾಗಿಲ್ಲ ಅನ್ನುವಂಥ ಕೆಲಸ

ಮೈಕ್ ಆನ್ ಮಾಡಿ ಮಾತಾಡುವುದು ಮಕ್ಕಳಿಗೆ ದೊಡ್ಡ ಧೈರ್ಯದ ಕೆಲಸ. ಹಿಂದೆ ಟಿವಿ ಸದ್ದು, ಅಮ್ಮ ಕರೆಯುವ ಸದ್ದು, ಮೇಲೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ ಅನ್ನುವ ನಾಚಿಕೆ. ಆದ್ದರಿಂದ ಅಲ್ಲಿಂದ ಶುರು ಮಾಡಬೇಡಿ. ಮೊದಲು ಬೆರಳು ಒತ್ತುವುದು, ಆಮೇಲೆ ಒಂದು ಪದ ಬರೆಯುವುದು, ಆಮೇಲೆ ಒಂದು ಸಾಲು, ಆಮೇಲೆ ಧ್ವನಿ. ಕ್ಯಾಮೆರಾ ಕೊನೆಗೆ, ಅದೂ ಇಷ್ಟ ಇದ್ದವರಿಗೆ ಮಾತ್ರ. ಕ್ಯಾಮೆರಾ ಆನ್ ಮಾಡಲೇಬೇಕು ಎಂಬ ನಿಯಮವನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಂದೇ ಕೋಣೆಯ ಮನೆಯ ಹುಡುಗಿಗೆ ಅದು ಶಿಕ್ಷೆ. ಡಾಟಾ ಬೇರೆ ಖರ್ಚು.

ನೇರ ತರಗತಿಗೆ ಎರಡು ಉಪಾಯಗಳು.

ಒಂದು, ಎಲ್ಲರೂ ಒಟ್ಟಿಗೆ ಕಳಿಸುವುದು. "ಉತ್ತರ ಚಾಟ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಿ, ನಾನು ಹೇಳುವವರೆಗೆ ಕಳಿಸಬೇಡಿ" ಎನ್ನಿ. ಒಂದು ನಿಮಿಷ ಬಿಟ್ಟು "ಈಗ ಕಳಿಸಿ" ಎನ್ನಿ. ಉತ್ತರಗಳು ಒಟ್ಟಿಗೆ ಸುರಿಯುತ್ತವೆ. ಯಾರೂ ಇನ್ನೊಬ್ಬರದ್ದು ನೋಡಿ ಬರೆದಿರುವುದಿಲ್ಲ, ಯಾರದ್ದು ತಪ್ಪು ಅಂತ ಎದ್ದು ಕಾಣುವುದೂ ಇಲ್ಲ. ಇನ್ನೂ ಹೆದರುವವರಿದ್ದರೆ, ಝೂಮ್‌ನಲ್ಲಿ ಚಾಟ್ ಹೋಸ್ಟ್‌ಗೆ ಮಾತ್ರ ಕಾಣುವಂತೆ ಇಡಬಹುದು.

ಎರಡು, ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಟೇಪ್ ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ. ಅದು ಕೊಠಡಿಯ ಲೆಕ್ಕ. ಆನ್‌ಲೈನಿನಲ್ಲಿ ನಿಮ್ಮ ಪ್ರಶ್ನೆ ಅವರಿಗೆ ತಲುಪಬೇಕು, ಅನ್‌ಮ್ಯೂಟ್ ಗುಂಡಿ ಸಿಗಬೇಕು. ಹತ್ತು ಸೆಕೆಂಡಾದರೂ ಬಿಡಿ. ಮನಸ್ಸಿನಲ್ಲೇ ಎಣಿಸಿ. ಬಹಳ ಉದ್ದ ಅನ್ನಿಸುತ್ತದೆ, ಆದರೂ ಉತ್ತರ ನೀವೇ ಹೇಳಬೇಡಿ. ಒಂದು ಸಲ ನೀವೇ ಹೇಳಿದಿರೋ, ಮುಂದೆ ಕಾದರೆ ಸಾಕು, ಸರ್ ಹೇಳ್ತಾರೆ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ.

ಪೋಲ್ ಬಳಸುವವರಿಗೆ ಒಂದು ಮಾತು. ವಾಟ್ಸ್‌ಆ್ಯಪ್ ಗ್ರೂಪಿನ ಪೋಲ್‌ನಲ್ಲಿ ಸಾಮಾನ್ಯವಾಗಿ ಯಾರು ಯಾವುದಕ್ಕೆ ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ತರಗತಿಯ ಜಾಣೆ ಒತ್ತಿದ್ದಕ್ಕೇ ಉಳಿದವರೂ ಒತ್ತುತ್ತಾರೆ. ಟ್ರಿಪ್‌ಗೆ ಎಲ್ಲಿಗೆ ಹೋಗೋಣ ಅಂತ ಕೇಳಲು ಅದು ಸರಿ, ಪಾಠದ ಪ್ರಶ್ನೆಗೆ ಗೂಗಲ್ ಫಾರ್ಮ್ ಒಳ್ಳೆಯದು.

ಹಂತ 5: ಇಬ್ಬರು, ಆಮೇಲೆ ನಾಲ್ವರು

ಮೊದಲ ದಿನವೇ ಎಂಟು ಜನರ ಗುಂಪು ಮಾಡಬೇಡಿ. ಎಂಟು ಜನರಲ್ಲಿ ಐದು ಜನ ಅಡಗಿಕೊಳ್ಳಬಹುದು. ಇಬ್ಬರಲ್ಲಿ ಯಾರೂ ಅಡಗಲಾರರು. ಫ್ರಾನ್ಸಿನ ರಿಂಗೆಲ್‌ಮನ್ ಎಂಬ ಕೃಷಿ ಎಂಜಿನಿಯರ್ ಹಗ್ಗ ಎಳೆಸಿ ಅಳೆದು ನೋಡಿ, ಜನ ಹೆಚ್ಚಾದಷ್ಟೂ ತಲಾ ಹಾಕುವ ಶಕ್ತಿ ಕಡಿಮೆಯಾಗುತ್ತದೆ ಎಂದು 1913ರಲ್ಲೇ ಬರೆದಿದ್ದರು. ನಮ್ಮ ಗ್ರೂಪ್ ಅಸೈನ್‌ಮೆಂಟ್‌ಗಳಲ್ಲಿ ನಡೆಯುವುದೂ ಅದೇ.

ಮೊದಲ ಜೋಡಿ ಕೆಲಸ ಚಿಕ್ಕದಿರಲಿ. ನಿಮ್ಮ ಜೋಡಿಯ ಕೆರೆ ವಿವರ ಓದಿ, ನಿಮ್ಮದಕ್ಕೂ ಅದಕ್ಕೂ ಇರುವ ಒಂದು ವ್ಯತ್ಯಾಸ, ಒಂದು ಸಾಮ್ಯ ಬರೆಯಿರಿ. ಅಷ್ಟೇ.

ಆಮೇಲೆ ನಾಲ್ವರ ಗುಂಪು. ಗುಂಪು ನೀವೇ ಮಾಡಿ. ಮಕ್ಕಳಿಗೆ ಬಿಟ್ಟರೆ ಗೆಳೆಯರೆಲ್ಲ ಒಂದಾಗುತ್ತಾರೆ, ಕೊನೆಗೆ ಯಾರಿಗೂ ಬೇಡವಾದ ನಾಲ್ವರು ಉಳಿಯುತ್ತಾರೆ. ಆ ನಾಲ್ವರಿಗೆ ಆಗುವ ಅವಮಾನ ಇಡೀ ಸೆಮಿಸ್ಟರ್ ಹೋಗುವುದಿಲ್ಲ. ಹಂತ 1ರ ಚೀಟಿ ಈಗ ಉಪಯೋಗಕ್ಕೆ ಬರುತ್ತದೆ. ಪ್ರತಿ ಗುಂಪಿನಲ್ಲೂ ಒಳ್ಳೆಯ ನೆಟ್‌ವರ್ಕ್ ಇರುವ ಒಬ್ಬರಾದರೂ ಇರಲಿ, ನಾಲ್ವರಿಗೂ ಹೊಂದುವ ಒಂದು ಬಿಡುವಿನ ಹೊತ್ತು ಇರಲಿ. ತರಗತಿಯಲ್ಲಿ ಹುಡುಗಿಯರು ಕಡಿಮೆಯಿದ್ದರೆ ಗುಂಪಿಗೊಬ್ಬಳಂತೆ ಹಂಚಬೇಡಿ. ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿ ಇದ್ದರೆ ಅವಳಿಗೆ ಬರೆಯುವ ಕೆಲಸ ಬೀಳುತ್ತದೆ, ಮಾತಾಡುವ ಕೆಲಸ ಅಲ್ಲ. ಇಬ್ಬರಾದರೂ ಇರಲಿ.

ನಾಲ್ವರಿಗೆ ಕೊಡಲು ಜಿಗ್ಸಾ ಪದ್ಧತಿ ಬಹಳ ಚೆನ್ನಾಗಿ ಒಗ್ಗುತ್ತದೆ. ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಇದನ್ನು ಶುರು ಮಾಡಿದರು. ಬಿಳಿ, ಕಪ್ಪು, ಲ್ಯಾಟಿನೋ ಮಕ್ಕಳು ಆಗಷ್ಟೇ ಒಂದೇ ಕೊಠಡಿಗೆ ಬಂದಿದ್ದರು, ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಪೂರ್ತಿ ಪಾಠ ಬೇಕಾದರೆ ಪಕ್ಕದವರ ಮಾತು ಕೇಳಲೇಬೇಕು.

ಕೆರೆಯ ಪಾಠಕ್ಕೆ ಇದನ್ನು ಹೀಗೆ ಮಾಡಿ:

1. ಪಾಠವನ್ನು ನಾಲ್ಕು ತುಂಡು ಮಾಡಿ. ಅ: ಕೆರೆಯ ಕಟ್ಟಡ, ಅಂದರೆ ಏರಿ, ತೂಬು, ಕೋಡಿ, ಅಚ್ಚುಕಟ್ಟು (ಕೆರೆಯ ನೀರು ಹರಿಯುವ ಹೊಲಗದ್ದೆ). ಆ: ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಕೆರೆ ಸರಣಿ ಮತ್ತು ರಾಜಕಾಲುವೆ. ಇ: ಬೆಳ್ಳಂದೂರು ಕೆರೆಯ ನೊರೆ, 2017 ಮತ್ತು 2018ರಲ್ಲಿ ಅಲ್ಲಿ ಹತ್ತಿದ ಬೆಂಕಿ. ಈ: ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ.

2. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು. ಎರಡು ಪುಟಕ್ಕಿಂತ ಜಾಸ್ತಿ ಓದಲು ಕೊಡಬೇಡಿ.

3. ಒಂದೇ ತುಂಡು ಓದಿದವರೆಲ್ಲ ಮೊದಲು ಸೇರಲಿ. ‘ಅ’ ಸಿಕ್ಕವರು ಒಂದು ಕಡೆ, ‘ಆ’ ಸಿಕ್ಕವರು ಇನ್ನೊಂದು ಕಡೆ. ಅರವತ್ತು ಜನರ ತರಗತಿಯಲ್ಲಿ ಒಂದು ತುಂಡಿಗೆ ಹದಿನೈದು ಜನ ಆಗುತ್ತಾರೆ, ಅವರನ್ನು ಮೂರು ಪಾಲು ಮಾಡಿ. "ಇದನ್ನು ಗೊತ್ತಿಲ್ಲದವರಿಗೆ ಮೂರು ನಿಮಿಷದಲ್ಲಿ ಹೇಗೆ ಹೇಳುವುದು?" ಎಂದು ಮಾತಾಡಿಕೊಳ್ಳಲಿ. ಈ ಸುತ್ತನ್ನು ಬಿಟ್ಟರೆ ದುರ್ಬಲ ವಿದ್ಯಾರ್ಥಿ ತನ್ನ ಗುಂಪಿನೆದುರು ತಡವರಿಸುತ್ತಾನೆ, ಜಿಗ್ಸಾ ಅಲ್ಲೇ ಮುರಿಯುತ್ತದೆ.

4. ಆಮೇಲೆ ಮೂಲ ಗುಂಪಿಗೆ ವಾಪಸ್. ಒಬ್ಬೊಬ್ಬರೂ ತಮ್ಮ ತುಂಡು ಹೇಳಲಿ.

5. ಕೊನೆಗೆ ನಾಲ್ಕೂ ತುಂಡು ಸೇರಿದರೆ ಮಾತ್ರ ಉತ್ತರಿಸಬಹುದಾದ ಪ್ರಶ್ನೆ: "ನಿಮ್ಮ ನಾಲ್ವರ ಊರಿನ ಕೆರೆಗಳಲ್ಲಿ ಒಂದಕ್ಕೆ ಹೊರಗಿನಿಂದ ಶುದ್ಧೀಕರಿಸಿದ ನೀರು ತುಂಬಿಸಬೇಕು ಅಂದರೆ ಯಾವುದಕ್ಕೆ? ಯಾಕೆ? ತುಂಬಿಸುವ ಮೊದಲು ಏನು ಪರೀಕ್ಷಿಸುತ್ತೀರಿ?"

ಮೂರನೇ ಮತ್ತು ನಾಲ್ಕನೇ ಸುತ್ತು ಆನ್‌ಲೈನ್ ಆಗಬೇಕಾದರೆ ಬ್ರೇಕ್‌ಔಟ್ ರೂಮ್ ಬೇಕು. ಒಂದೇ ಮೀಟಿಂಗಿನೊಳಗೆ ಚಿಕ್ಕ ಚಿಕ್ಕ ಕೋಣೆ ಮಾಡಿ ಮಕ್ಕಳನ್ನು ಕಳಿಸುವ ಸೌಲಭ್ಯ ಇದು. ಝೂಮ್‌ನ ಉಚಿತ ಖಾತೆಯಲ್ಲೂ ಇದೆ. ಮೀಟ್‌ನಲ್ಲಿ ದುಡ್ಡು ಕೊಡುವ ಖಾತೆಗಳಿಗೆ ಮಾತ್ರ, ಕಾಲೇಜುಗಳಿಗೆ ಸಿಗುವ ಉಚಿತ ಖಾತೆಯಲ್ಲಿ ಇಲ್ಲ. ಇದನ್ನು ತರಗತಿ ಶುರುವಾದ ಮೇಲೆ ಹುಡುಕಲು ಹೋಗಬೇಡಿ.

ಬ್ರೇಕ್‌ಔಟ್ ಕೋಣೆಗೆ ಬರೀ "ಚರ್ಚೆ ಮಾಡಿ" ಎಂದು ಕಳಿಸಿದರೆ ಒಳಗೆ ನಾಲ್ಕು ಮ್ಯೂಟ್ ಆದ ಚೌಕಗಳು ಕಾಯುತ್ತಾ ಕೂತಿರುತ್ತವೆ. ಕಳಿಸುವ ಮೊದಲೇ ಮೂರು ವಿಷಯ ಚಾಟ್‌ನಲ್ಲಿ ಬರೆದು ಹಾಕಿ: ಮೊದಲು ಮಾತಾಡುವವರು ಯಾರು (ಹಾಜರಿ ಪುಸ್ತಕದಲ್ಲಿ ಮೊದಲ ನಂಬರಿನವರು ಅಂದರೆ ಸಾಕು), ಎಷ್ಟು ನಿಮಿಷ, ವಾಪಸ್ ಬರುವಾಗ ಡಾಕ್‌ನಲ್ಲಿ ಏನು ಬರೆದಿರಬೇಕು. ಎಲ್ಲ ಗುಂಪಿಗೂ ಒಂದೇ ಗೂಗಲ್ ಡಾಕ್, ಗುಂಪಿಗೊಂದು ಪುಟ. ಕೋಣೆ ಕೋಣೆ ಸುತ್ತುವ ಬದಲು ಆ ಡಾಕ್ ತೆರೆದು ಕೂತರೆ ಯಾವ ಪುಟ ಖಾಲಿ ಇದೆ ಅಂತ ನಿಮಗೇ ಕಾಣುತ್ತದೆ. ಆ ಕೋಣೆಗೆ ಮಾತ್ರ ಹೋಗಿ.

ಹಂತ 6: ಬರವಣಿಗೆಯ ಚರ್ಚೆ

ನೆಟ್‌ವರ್ಕ್ ಕಷ್ಟ ಇರುವ ಕಡೆ ನೇರ ತರಗತಿಗಿಂತ ಬರೆದು ಮಾಡುವ ಚರ್ಚೆಯೇ ಮೇಲು. ರಾತ್ರಿ ಹನ್ನೊಂದಕ್ಕೆ ಸಿಗ್ನಲ್ ಸಿಗುವ ಮಲೆನಾಡಿನ ಹುಡುಗನೂ ಪಾಲ್ಗೊಳ್ಳಬಹುದು. ಯೋಚಿಸಿ ಬರೆಯಲು ಹೊತ್ತು ಸಿಗುವುದರಿಂದ ತರಗತಿಯಲ್ಲಿ ಬಾಯಿ ಬಿಡದವರು ಇಲ್ಲಿ ಚೆನ್ನಾಗಿ ಬರೆಯುವುದುಂಟು.

ಇಲ್ಲಿ ಬಹಳ ಉಪಯೋಗದ ಸೆಟ್ಟಿಂಗ್ ಒಂದಿದೆ. ತಾನು ಉತ್ತರ ಬರೆಯುವವರೆಗೆ ಬೇರೆಯವರ ಉತ್ತರ ಕಾಣದಂತೆ ಇಡುವುದು. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ‘ಅಸೈನ್‌ಮೆಂಟ್’ ಬದಲು ‘ಕ್ವೆಶ್ಚನ್’ ಆರಿಸಿ, ವಿದ್ಯಾರ್ಥಿಗಳು ಪರಸ್ಪರ ಉತ್ತರಿಸಬಹುದು ಎಂಬ ಆಯ್ಕೆಗೆ ಟಿಕ್ ಹಾಕಿ. ಮೂಡಲ್‌ನಲ್ಲಿ ಚರ್ಚಾ ವೇದಿಕೆ ಮಾಡುವಾಗ ‘ಕ್ಯೂ ಆ್ಯಂಡ್ ಎ’ ಬಗೆಯನ್ನು ಆರಿಸಿ. ಮೂಡಲ್‌ನಲ್ಲಿ ಒಂದು ತೊಡಕಿದೆ: ಉತ್ತರ ಹಾಕಿದ ತಕ್ಷಣ ಉಳಿದವರದ್ದು ಕಾಣುವುದಿಲ್ಲ. ತಿದ್ದಲು ಕೊಟ್ಟ ಸಮಯ, ಸಾಮಾನ್ಯವಾಗಿ 30 ನಿಮಿಷ, ಕಳೆಯಬೇಕು. ಇದನ್ನು ಮೊದಲೇ ಹೇಳದಿದ್ದರೆ "ಸರ್, ಏನೂ ಕಾಣ್ತಿಲ್ಲ" ಎಂಬ ಮೆಸೇಜ್ ರಾಶಿ ಬರುತ್ತದೆ.

ಗಡುವು ಎರಡು ಇರಲಿ. ಸ್ವಂತ ಉತ್ತರಕ್ಕೆ ಬುಧವಾರ, ಬೇರೆಯವರಿಗೆ ಪ್ರತಿಕ್ರಿಯೆಗೆ ಶನಿವಾರ. ಒಂದೇ ಗಡುವು ಕೊಟ್ಟರೆ ಎಲ್ಲರೂ ಶನಿವಾರ ರಾತ್ರಿ ಬಂದು ಎರಡನ್ನೂ ಒಟ್ಟಿಗೆ ಹಾಕಿ ಹೋಗುತ್ತಾರೆ. ಅದು ಚರ್ಚೆ ಅಲ್ಲ, ಹಾಜರಿ.

"ಸೂಪರ್", "ಚೆನ್ನಾಗಿ ಬರೆದಿದ್ದೀಯ" ಇವು ಪ್ರತಿಕ್ರಿಯೆ ಅಲ್ಲ ಎಂದು ಮೊದಲೇ ಹೇಳಿ. ಏನು ಬರೆಯಬೇಕು ಅಂತ ಗೊತ್ತಿಲ್ಲದೆ ಹಾಗೆ ಬರೆಯುತ್ತಾರೆ ಅಷ್ಟೇ. ಶುರು ಮಾಡಲು ಸಾಲು ಕೊಡಿ: "ನಮ್ಮ ಊರಲ್ಲಿ ಇದು ಹೀಗಿಲ್ಲ, ಯಾಕೆಂದರೆ…", "ಇದನ್ನು ಓದಿದ ಮೇಲೆ ನನಗೆ ಬಂದ ಪ್ರಶ್ನೆ…", "ಇದಕ್ಕೆ ನಾನು ಸೇರಿಸುವುದು…". ಎರಡು ವಾರ ಕಳೆದರೆ ಈ ಸಾಲುಗಳಿಲ್ಲದೆಯೂ ಬರೆಯಲು ಕಲಿಯುತ್ತಾರೆ.

ನೀವು ಏನು ಮಾಡಬೇಕು? ಕಡಿಮೆ ಬರೆಯಿರಿ. ಮೇಷ್ಟ್ರು ಪ್ರತಿ ಉತ್ತರದ ಕೆಳಗೂ ಬರೆದರೆ ಮಕ್ಕಳು ಮೇಷ್ಟ್ರಿಗಾಗಿ ಬರೆಯತೊಡಗುತ್ತಾರೆ, ಒಬ್ಬರಿಗೊಬ್ಬರು ಬರೆಯುವುದಿಲ್ಲ. ಇಬ್ಬರನ್ನು ಕೂಡಿಸಲು ಮಾತ್ರ ಬಾಯಿ ಹಾಕಿ: "ನಿನ್ನ ಊರಲ್ಲಿ ನೀರುಗಂಟಿ ಇನ್ನೂ ಇದ್ದಾರೆ ಅಂದಿದ್ದೀಯ. ಕೊನೆಯ ಬೆಂಚಿನ ನಿನ್ನ ಗೆಳೆಯ, ಆ ಕೆಲಸ ನಿಂತು ಬಹಳ ಕಾಲವಾಯ್ತು ಅಂತಾನೆ. ಇಬ್ಬರೂ ಮಾತಾಡಿಕೊಳ್ಳಿ."

ಹಂತ 7: ಅಂಕ

ಅಂಕ ಇಲ್ಲದೆ ಮಾಡುತ್ತಾರೆಯೇ? ಮಾಡುವುದಿಲ್ಲ. ಆದರೆ ಅಂಕಕ್ಕಾಗಿ ಮಾತ್ರ ಮಾಡಿಸಿದರೆ ಅಂಕದಷ್ಟೇ ಮಾಡುತ್ತಾರೆ. ಇಂಟರ್ನಲ್ಸ್‌ನಲ್ಲಿ ಒಂದು ಸಣ್ಣ ಪಾಲು ಸಾಕು. ಅದರಲ್ಲಿ ಅರ್ಧ ಗುಂಪಿಗೆ, ಅರ್ಧ ಒಬ್ಬೊಬ್ಬರಿಗೆ. ಗುಂಪಿನ ಅಂಕ ಮಾತ್ರ ಕೊಟ್ಟರೆ ದುಡಿದವಳಿಗೆ ಸಿಟ್ಟು, ಒಬ್ಬೊಬ್ಬರದ್ದೇ ಕೊಟ್ಟರೆ ಗುಂಪು ಯಾಕೆ ಬೇಕು?

ಯಾರು ಎಷ್ಟು ಬರೆದರು ಎಂಬುದು ಗೂಗಲ್ ಡಾಕ್ಸ್‌ನ ‘ವರ್ಶನ್ ಹಿಸ್ಟರಿ’ಯಲ್ಲಿ ಸಿಗುತ್ತದೆ. ಯಾವ ಹೊತ್ತಿನಲ್ಲಿ ಯಾರು ಏನು ಸೇರಿಸಿದರು, ಅಳಿಸಿದರು ಎಲ್ಲ ಅಲ್ಲಿ ಬಣ್ಣ ಬಣ್ಣದಲ್ಲಿ ಕಾಣುತ್ತದೆ. ಆದರೆ ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು ಎಂದು ಇಟ್ಟರೆ, ಲಾಗಿನ್ ಆಗದವರ ಹೆಸರು ಕಾಣುವುದೇ ಇಲ್ಲ, ಯಾವುದೋ ಪ್ರಾಣಿಯ ಚಿತ್ರ ಬರುತ್ತದೆ. ಈಮೇಲ್ ಹಾಕಿಯೇ ಹಂಚಿಕೊಳ್ಳಿ. ಇನ್ನೊಂದು: ಒಂದೇ ಫೋನಿನಲ್ಲಿ ಇಬ್ಬರು ಕೂತು ಬರೆದರೆ ಒಬ್ಬರ ಹೆಸರೇ ಬರುತ್ತದೆ. ಹಿಸ್ಟರಿ ನೋಡಿ ತೀರ್ಪು ಕೊಡುವ ಮೊದಲು ಕೇಳಿ ನೋಡಿ.

ಮಕ್ಕಳೇ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಹಾಕುವ ಪದ್ಧತಿಯೂ ಇದೆ. ಮೂಡಲ್‌ನಲ್ಲಿ ಅದಕ್ಕೆ ‘ವರ್ಕ್‌ಶಾಪ್’ ಎಂಬ ಸೌಲಭ್ಯವಿದೆ. ನನ್ನ ಸಲಹೆ ಏನೆಂದರೆ, ಮೊದಲ ಸೆಮಿಸ್ಟರಿನಲ್ಲಿ ಅಂಕ ಹಾಕಿಸಬೇಡಿ, ಬರೀ ಅಭಿಪ್ರಾಯ ಬರೆಸಿ. ಅಂಕ ಅಂದ ಕೂಡಲೇ ಗೆಳೆತನ ಮಧ್ಯೆ ಬರುತ್ತದೆ.

ಹಂತ 8: ಕೊಠಡಿಗೆ ತನ್ನಿ

ಬ್ಲೆಂಡೆಡ್ ತರಗತಿ ಸೋಲುವುದು ಹೆಚ್ಚಾಗಿ ಇಲ್ಲೇ. ಮಕ್ಕಳು ಮನೆಯಲ್ಲಿ ಬರೆದು ಬಂದಿರುತ್ತಾರೆ, ಮೇಷ್ಟ್ರು ಅದರ ಸುದ್ದಿಯೇ ಎತ್ತದೆ ಹೊಸ ಪಾಠ ಶುರು ಮಾಡುತ್ತಾರೆ. ಹೀಗೆ ಎರಡು ಸಲ ಆದರೆ ಮೂರನೇ ಸಲ ಯಾರೂ ಬರೆಯುವುದಿಲ್ಲ. ಯಾಕೆ ಬರೆಯಬೇಕು?

ಹಿಂದಿನ ರಾತ್ರಿ ಹದಿನೈದು ನಿಮಿಷ ತೆಗೆದು ಉತ್ತರಗಳನ್ನು ಕಣ್ಣಾಡಿಸಿ. ಒಂದಕ್ಕೊಂದು ಒಪ್ಪದ ಎರಡು ಉತ್ತರ, ಒಂದು ಅಚ್ಚರಿಯ ಸಂಗತಿ, ಹಲವರು ಮಾಡಿದ ಒಂದು ತಪ್ಪು, ಇಷ್ಟು ಗುರುತು ಹಾಕಿಕೊಳ್ಳಿ. ತರಗತಿಯ ಮೊದಲ ಐದು ನಿಮಿಷ ಅದಕ್ಕೇ ಕೊಡಿ. ಹೆಸರು ಹಿಡಿದು ಹೇಳಿ, ತಪ್ಪಿಗೆ ಮಾತ್ರ ಹೆಸರು ಬೇಡ.

ಹಲವರು ತಪ್ಪಿದ ಪ್ರಶ್ನೆಗೆ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದ ಶುರುವಿನಿಂದ ಬಳಸಿದ ಕ್ರಮ ಚೆನ್ನಾಗಿದೆ. ಪ್ರಶ್ನೆ ಹಾಕಿ, ಒಬ್ಬೊಬ್ಬರೂ ಉತ್ತರ ಆರಿಸಲಿ. ಸರಿ ಉತ್ತರ ಸುಮಾರು ಶೇಕಡಾ 30ರಿಂದ 70 ಜನರಿಂದ ಬಂದರೆ ನೀವು ವಿವರಿಸಬೇಡಿ. ಬೇರೆ ಉತ್ತರ ಆರಿಸಿದ ಪಕ್ಕದವರನ್ನು ಒಪ್ಪಿಸಿ ನೋಡಿ ಎಂದು ಎರಡು ನಿಮಿಷ ಬಿಡಿ, ಮತ್ತೆ ಕೇಳಿ. 30ಕ್ಕಿಂತ ಕಡಿಮೆ ಇದ್ದರೆ ಪಾಠವೇ ತಲುಪಿಲ್ಲ, ಮತ್ತೆ ಹೇಳಿಕೊಡಿ. 70ಕ್ಕಿಂತ ಹೆಚ್ಚಿದ್ದರೆ ಮುಂದೆ ಹೋಗಿ. ಕೊಠಡಿಯಲ್ಲಿ ಇದಕ್ಕೆ ಫೋನೂ ಬೇಡ, ಎ, ಬಿ, ಸಿ, ಡಿ ಎಂದು ಬರೆದ ನಾಲ್ಕು ರಟ್ಟಿನ ಚೂರು ಸಾಕು.

ವಾಟ್ಸ್‌ಆ್ಯಪ್ ಗ್ರೂಪ್ ಬಗ್ಗೆ

ಎಲ್ಲರೂ ಕೇಳುವುದರಿಂದ ಬೇರೆಯಾಗಿಯೇ ಹೇಳುತ್ತೇನೆ. ಸೂಚನೆಗೆ ಒಳ್ಳೆಯದು, ಚರ್ಚೆಗೆ ಅಲ್ಲ. ಒಳ್ಳೆಯ ಉತ್ತರವೊಂದು ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಅದಕ್ಕಿಂತ ಮುಖ್ಯ ತೊಂದರೆ ಬೇರೆ. ಗ್ರೂಪಿಗೆ ಸೇರಿಸಿದರೆ ಪ್ರತಿಯೊಬ್ಬರ ಫೋನ್ ನಂಬರ್ ಎಲ್ಲರಿಗೂ ಸಿಗುತ್ತದೆ. ಎಷ್ಟೋ ಹುಡುಗಿಯರು ಇದೇ ಕಾರಣಕ್ಕೆ ಅಪ್ಪನ ನಂಬರ್ ಕೊಡುತ್ತಾರೆ, ಆಮೇಲೆ ಗ್ರೂಪಿನಲ್ಲಿ ಒಂದಕ್ಷರವೂ ಬರೆಯುವುದಿಲ್ಲ. ಅವರನ್ನು "ಪಾಲ್ಗೊಳ್ಳುತ್ತಿಲ್ಲ" ಎಂದು ಗುರುತು ಹಾಕುವುದು ಅನ್ಯಾಯ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ, ಚರ್ಚೆಯನ್ನು ಕ್ಲಾಸ್‌ರೂಮ್‌ಗೆ ಸಾಗಿಸಿ. ಪಿಯು ಮಕ್ಕಳಿಗೆ ಪಾಠ ಮಾಡುವವರು ಇನ್ನೊಂದು ನೆನಪಿಡಿ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಅವರ ಫೋಟೋ, ವೀಡಿಯೋ, ರೆಕಾರ್ಡಿಂಗ್ ಎಲ್ಲಿಗಾದರೂ ಹಾಕುವ ಮೊದಲು ಮನೆಯವರ ಒಪ್ಪಿಗೆ ಪಡೆದು, ಪ್ರಿನ್ಸಿಪಾಲರಿಗೂ ತಿಳಿಸಿ.

ಒಬ್ಬ ವಿದ್ಯಾರ್ಥಿ ಪೂರ್ತಿ ಕಾಣೆಯಾದರೆ?

ಎರಡು ವಾರ ಏನೂ ಬರೆಯದವರ ಹೆಸರು ಬರೆದುಕೊಳ್ಳಿ. ಗ್ರೂಪಿನಲ್ಲಿ ಅವರ ಹೆಸರು ಹಾಕಿ ಎಚ್ಚರಿಸಬೇಡಿ. ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿ, ಇಲ್ಲವೇ ಒಂದು ಫೋನ್ ಮಾಡಿ. ಫೋನ್ ಒಡೆದಿರಬಹುದು, ಸಂಜೆ ಕೆಲಸಕ್ಕೆ ಹೋಗುತ್ತಿರಬಹುದು, ಗುಂಪಿನಲ್ಲಿ ಯಾರೋ ಆಡಿಕೊಂಡು ನಕ್ಕಿರಬಹುದು. ಮೊದಲ ಎರಡಕ್ಕೆ ಕಾಗದದಲ್ಲಿ ಬರೆದು ತರಲು ಬಿಡಿ, ಫೋಟೋ ತೆಗೆದು ನೀವೇ ಹಾಕಿ. ಮೂರನೆಯದಾದರೆ ಗುಂಪು ಬದಲಿಸಿ, ಆದರೆ ಅವನೊಬ್ಬನನ್ನೇ ಎತ್ತಿ ಬೇರೆ ಕಡೆ ಹಾಕಬೇಡಿ. ಹೊಸ ಘಟಕ ಶುರುವಾಗುವಾಗ ಎಲ್ಲ ಗುಂಪುಗಳನ್ನೂ ಒಟ್ಟಿಗೆ ಬದಲಿಸಿ. ಆಗ ಯಾಕೆ ಅಂತ ಯಾರೂ ಕೇಳುವುದಿಲ್ಲ.